ಸರಾಸರಿ ಗಾಳಿ

ಜನವರಿ ೮

ಇಂದು ನನ್ನ ಯಂತ್ರ ಆಸ್ಪತ್ರೆ ಸೇರಿತು. ಬೇರೆಯವರು ಕೆಟ್ಟ ಮೇಲೆ ಆಸ್ಪತ್ರೆ ಸೇರುತ್ತಾರೆ. ನನ್ನದು ಆರು ವರ್ಷ ಪ್ರಯೋಗಾಲಯದಲ್ಲಿ ಕೆಟ್ಟೂ ಕೆಟ್ಟೂ, ಪೂರ್ತಿ ಗುಣವಾದ ಮೇಲೆ ಸೇರಿದೆ.

ಜಾಗ ಕ್ಷಯರೋಗ ವಿಭಾಗದ ಕಾಯುವ ಹಾಲ್. ದಿನಕ್ಕೆ ತೊಂಬತ್ತು ಜನ ಬೆಂಚುಗಳ ಮೇಲೆ ಕೂತು, ತಮ್ಮ ಸರದಿ ಬರುವವರೆಗೆ ಪರಸ್ಪರ ಕೆಮ್ಮಿಕೊಳ್ಳುವ ಸ್ಥಳ. ಯಂತ್ರದ ಕೆಲಸ ಸರಳ. ಕೋಣೆಯ ಗಾಳಿಯನ್ನು ಮುಂಭಾಗದ ಬಾಯಿಯಿಂದ ಎಳೆದುಕೊಳ್ಳುತ್ತದೆ, ದಪ್ಪ ಫಿಲ್ಟರ್‌ನಲ್ಲಿ ಸೋಸುತ್ತದೆ, ತಪ್ಪಿಸಿಕೊಂಡ ರೋಗಾಣುಗಳನ್ನು ನೇರಳಾತೀತ ದೀಪದಲ್ಲಿ ಸುಡುತ್ತದೆ, ಶುದ್ಧವಾದದ್ದನ್ನು ತಲೆಯ ಮೇಲಿನಿಂದ ಬಿಡುತ್ತದೆ. ಆಳೆತ್ತರ, ಬಿಳಿ ಬಣ್ಣ. ರೋಗಿಗಳು ನೋಡಿದ ಕೂಡಲೇ ಫ್ರಿಜ್ ಎಂದು ನಾಮಕರಣ ಮಾಡಿದರು. ಮುದುಕರೊಬ್ಬರು ಲೋಟ ಹಿಡಿದು ಬಂದು ನಲ್ಲಿ ಹುಡುಕಿದರು.

“ಇದು ನೀರಿಂದಲ್ಲ ತಾತ, ಗಾಳಿದು,” ಎಂದೆ.

“ಗಾಳಿ ಹೊರಗೂ ಸಿಗತ್ತಲ್ಲಪ್ಪ,” ಎಂದರು.

ಆರು ವರ್ಷದಲ್ಲಿ ಯಾವ ತಜ್ಞರೂ ಕೇಳದ ಪ್ರಶ್ನೆ. ತಂತಿ ಜೋಡಿಸುವವನಂತೆ ಬಗ್ಗಿ ಪಾರಾದೆ.

ಈ ಹಾಲ್‌ನ ನರ್ಸ್ ನನ್ನ ಅಕ್ಕ. ಹತ್ತೊಂಬತ್ತು ವರ್ಷದಿಂದ ಒಂದೇ ಮೇಜು, ಒಂದೇ ಕುರ್ಚಿ. ಬಂದವರೆಲ್ಲ ಆಕೆಯನ್ನು ಸಿಸ್ಟರ್ ಎನ್ನುತ್ತಾರೆ. ದಾಖಲೆ ಸಮೇತ ಹಾಗೆನ್ನುವ ಹಕ್ಕು ಇರುವುದು ನನಗೊಬ್ಬನಿಗೇ. ಅವಳ ಮನೆಯ ಮಹಡಿ ಕೋಣೆಯಲ್ಲಿ ನನ್ನ ವಾಸ, ಅವಳ ಅಡುಗೆಮನೆಯಲ್ಲಿ ನನ್ನ ಊಟ.

ಯಂತ್ರವನ್ನು ಎಲ್ಲಿಡಬೇಕೆಂದು ಮೂರು ತಿಂಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೆ. ಉತ್ತರ: ಬಾಗಿಲ ಪಕ್ಕದ ಗೋಡೆ. ಬಾಗಿಲ ಪಕ್ಕದ ಗೋಡೆಯಲ್ಲಿ ಪ್ಲಗ್ ಇಲ್ಲ. ದೊಡ್ಡ ಪ್ಲಗ್ ಇಡೀ ಹಾಲ್‌ಗೆ ಒಂದೇ, ಅಕ್ಕನ ಕುರ್ಚಿಯ ಹಿಂದೆ. ನೆಲದ ಮೇಲೆ ತಂತಿ ಎಳೆಯುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಹೀಗೆ ವಿಜ್ಞಾನ ಮೂರು ತಿಂಗಳು ಯೋಚಿಸಿದ್ದನ್ನು ಪ್ಲಗ್ ಮೂರು ನಿಮಿಷದಲ್ಲಿ ತೀರ್ಮಾನಿಸಿತು.

ಜನವರಿ ೧೧

ಪರೀಕ್ಷೆಯ ಕ್ರಮ ಹೀಗೆ. ಬೆಳಗ್ಗೆ ಏಳಕ್ಕೆ, ರೋಗಿಗಳು ಬರುವ ಮೊದಲು, ಮುಂದಿನ ಬೆಂಚಿನ ಮೇಲಿಂದ ಉಪ್ಪುನೀರಿನ ಮಂಜು ಬಿಡುತ್ತೇನೆ. ಹನಿಗಳು ಕೆಮ್ಮಿನ ಹನಿಗಳಷ್ಟೇ ಸಣ್ಣವು, ಆದರೆ ನಿರಪರಾಧಿಗಳು. ಹಾಲ್‌ನ ಆರು ಜಾಗಗಳಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಆರು ಎಣಿಕೆ ಡಬ್ಬಿಗಳಿವೆ. ತಮ್ಮ ಬಳಿಗೆ ಎಷ್ಟು ಕಣ ಬಂದವು ಎಂದು ಅವು ಎಣಿಸುತ್ತವೆ. ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ಓಡಿಸಿ. ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದೇನೆ: ಬಾಗಿಲು, ಮೊದಲ ಬೆಂಚು, ಕೊನೆಯ ಬೆಂಚು, ಹೀಗೆ. ಆರನೆಯದರ ಚೀಟಿ ‘ನರ್ಸ್ ಕುರ್ಚಿ’.

ಆರನೆಯದು ಮೂರೇ ದಿನ ಬಾಳಿತು. ಅಕ್ಕ ಏಳಕ್ಕೇ ಬಂದು ಫೈಲು ಜೋಡಿಸುತ್ತಾಳೆ. ಡಬ್ಬಿಯ ಒಳಗಿನ ಪಂಪು ಅವಳ ಕಿವಿಯ ಬುಡದಲ್ಲೇ ಸದ್ದು ಮಾಡುತ್ತದೆ.

“ಲೋ, ಇದು ಗುಂಯ್ ಅನ್ನೋದು ಕೇಳಿ ಕೇಳಿ ನನ್ನ ತಲೆಯೇ ಗುಂಯ್ ಅಂತಿದೆ. ತೆಗಿ ಇಲ್ಲಿಂದ.”

“ಅಕ್ಕಾ, ಇದು ವಿಜ್ಞಾನ.”

“ವಿಜ್ಞಾನಕ್ಕೆ ಬಾಯಿ ಮುಚ್ಕೊಂಡಿರೋಕೆ ಹೇಳು. ಇಲ್ಲಾಂದ್ರೆ ರಾತ್ರಿ ಊಟಕ್ಕೂ ವಿಜ್ಞಾನವನ್ನೇ ಹಾಕ್ತೀನಿ.”

ಡಬ್ಬಿಯನ್ನು ಎತ್ತಿ ಮೂರು ಮೀಟರ್ ಆಚೆ, ಫೈಲು ಬೀರುವಿನ ನೆತ್ತಿಯ ಮೇಲೆ ಕೂರಿಸಿದೆ. ಚೀಟಿ ಹಾಗೇ ಇದೆ. ಕಂಪ್ಯೂಟರಿನ ಕಾಲಮ್ಮಿಗೂ ಅದೇ ಹೆಸರು. ಮೂರು ಮೀಟರಿನಿಂದ ಆಗುವುದೇನು? ಕೋಣೆಯ ಗಾಳಿ ಎಲ್ಲ ಕಡೆಯೂ ಸಮನಾಗಿ ಬೆರೆತಿರುತ್ತದೆ ಎನ್ನುವುದು ನಮ್ಮ ಶಾಸ್ತ್ರದ ಮೊದಲ ಪಾಠ. ನಮ್ಮ ಮನೆಯಲ್ಲಿ ಮೂರೇ ಜನರಿದ್ದೂ ಅಷ್ಟು ಬೆರೆತಿಲ್ಲ.

ಜನವರಿ ೩೦

ಮೊದಲ ಫಲಿತಾಂಶ. ಯಂತ್ರವಿಲ್ಲದಾಗ ನೂರು ಕಣಗಳಿದ್ದರೆ, ಯಂತ್ರ ಓಡುವಾಗ ಮೂವತ್ತೊಂದು. ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ತೋರಿಸಿದೆ.

ಅವರನ್ನು ನಾವೆಲ್ಲ ಬೆನ್ನ ಹಿಂದೆ ಸರಾಸರಿ ಸಾರ್ ಎನ್ನುತ್ತೇವೆ. ಎರಡು ಅಂಕಿ ಕಂಡರೆ ಕೂಡಿಸಿ ಭಾಗಿಸದೆ ಬಿಡುವವರಲ್ಲ. ಅವರ ಮಗಳು ತರಗತಿಗೇ ಮೊದಲು, ಮಗ ಎರಡು ಸಲ ಫೇಲು. ಕೇಳಿದವರಿಗೆ “ಮಕ್ಕಳು ಸುಮಾರಾಗಿ ಓದ್ತಾರೆ” ಎನ್ನುತ್ತಾರೆ. ಅವರ ಸಭೆಯಲ್ಲಿ ಯಾರೂ ಕೆಮ್ಮಂಗಿಲ್ಲ. ಕೆಮ್ಮಿನ ಮೇಲೆಯೇ ಬದುಕುವ ನಮಗೆ ಇದು ಸ್ವಲ್ಪ ಕಷ್ಟದ ಶಿಸ್ತು.

“ಮೂವತ್ತೊಂದು. ಭೇಷ್ ಕಣಯ್ಯಾ,” ಎಂದರು.

ಕಣ ಎಣಿಸುವವನಿಗೆ ಕಣಯ್ಯ. ಇಷ್ಟು ವರ್ಷದಲ್ಲಿ ಅವರು ಕೊಟ್ಟ ಬಿರುದುಗಳಲ್ಲಿ ವೃತ್ತಿಗೆ ಹೊಂದಿದ್ದು ಇದೊಂದೇ.

ಮಧ್ಯಂತರ ವರದಿ ಬರೆಯಲು ಹೇಳಿದರು. ಸಂಜೆಯೊಳಗೆ ಬರೆದು ಕೊಟ್ಟೆ. ಹೊಗಳಿಕೆ ಒಣಗುವ ಮೊದಲೇ ಬರೆದರೆ ಕೈ ಚೆನ್ನಾಗಿ ಓಡುತ್ತದೆ.

ಫೆಬ್ರವರಿ ೨೦

ನನ್ನ ವರದಿಯನ್ನು ನಂಬಿ ಇನ್ನೂ ಹನ್ನೊಂದು ಆಸ್ಪತ್ರೆಗಳ ಹಾಲ್‌ಗಳಲ್ಲಿ ಯಂತ್ರ ಇಟ್ಟಿದ್ದಾರೆ. ಅಂತಿಮ ವರದಿಗೆ ಆರೋಗ್ಯ ಇಲಾಖೆಯ ಸಮಿತಿಯ ಒಪ್ಪಿಗೆ ಸಿಕ್ಕರೆ ಎಲ್ಲ ಕಡೆಯೂ ಕಾಯಂ. ಎಲ್ಲ ಹಾಲ್‌ಗಳೂ ಒಂದೇ ನಕ್ಷೆಯಲ್ಲಿ ಕಟ್ಟಿದವು: ಅದೇ ಬೆಂಚು, ಅದೇ ಬಾಗಿಲು, ನರ್ಸ್ ಕುರ್ಚಿಯ ಹಿಂದೆ ಅದೇ ಒಂಟಿ ಪ್ಲಗ್. ನಕ್ಷೆ ಬರೆದ ಪುಣ್ಯಾತ್ಮ ಒಂದೇ ಸಲ ಯೋಚಿಸಿ ದಣಿದಿರಬೇಕು.

ರಾತ್ರಿ ಊಟಕ್ಕೆ ಕೂತಾಗ ಭಾವನ ಪ್ರಶ್ನೋತ್ತರ. ಭಾವ ಎಲೆಕ್ಟ್ರಿಷಿಯನ್.

“ಬಾಗಿಲ ಹತ್ರ ಪ್ಲಗ್ ಬೇಕಿತ್ತು ಅಂದ್ರೆ ಹಾಕಿಸ್ಕೊಳ್ಳೋದಲ್ವೇನೋ? ಅರ್ಧ ದಿನದ ಕೆಲಸ.”

“ಅದಕ್ಕೆ ಅರ್ಜಿ ಕೊಡಬೇಕು ಭಾವ. ಮೂರು ಜನರ ಸಹಿ ಆಗಬೇಕು.”

“ಕೊಟ್ಟೆಯಾ?”

“ಇಲ್ಲ.”

ಭಾವ ಅಕ್ಕನ ಕಡೆ ತಿರುಗಿದರು. “ನಿನ್ನ ತಮ್ಮನಿಗೆ ಗಾಳಿ ಹಿಡಿದಿದೆ ಅಂತ ಮದುವೆ ಆದ ವಾರದಲ್ಲೇ ಹೇಳಿದ್ದೆ.”

“ಗಾಳಿ ಹಿಡಿಯೋದೇ ಅವನ ಉದ್ಯೋಗ. ಸುಮ್ಮನೆ ಊಟ ಮಾಡಿ,” ಎಂದಳು ಅಕ್ಕ. ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಪ್ರಸಿದ್ಧಿ ಎಂದರೆ ಇದೇ ಇರಬೇಕು.

ಏಪ್ರಿಲ್ ೪

ಹಾಲ್ ಗುಡಿಸುವ ಆಯಾ ಇಂದು ನನಗೆ ಪಾಠ ಮಾಡಿದರು. ಪೂರ್ತಿ ಬರೆಯುತ್ತೇನೆ.

“ಸಾರ್, ನಿಮ್ಮ ಮಿಷನ್ ಬಂದ್ಮೇಲೆ ಸಿಸ್ಟರ್ ಟೇಬಲ್ ಮೇಲೇ ಧೂಳು ಜಾಸ್ತಿ. ದಿನಕ್ಕೆ ಎರಡು ಸಲ ಒರೆಸ್ತೀನಿ. ಎಲ್ಲಾ ಅಲ್ಲಿಗೇ ಹೋಗತ್ತೆ.”

ಗಾಳಿ ಹೇಗೆ ಸಮನಾಗಿ ಬೆರೆಯುತ್ತದೆ ಎಂದು ವಿವರಿಸಿದೆ. ಸರಳ ಭಾಷೆಯಲ್ಲಿ, ಕೈ ಆಡಿಸಿಕೊಂಡು. ಅವರು ಪೊರಕೆಯ ಮೇಲೆ ಗಲ್ಲ ಊರಿ ಪೂರ್ತಿ ಕೇಳಿದರು. ನನ್ನ ವಿದ್ಯಾರ್ಥಿಗಳು ಅಷ್ಟು ಗಮನ ಕೊಟ್ಟದ್ದಿಲ್ಲ.

“ಆಯ್ತು. ಸ್ವಲ್ಪ ಈ ಕಡೆ ಬಂದು ನಿಂತ್ಕೊಳ್ಳಿ,” ಎಂದರು. ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಹೋಗಿ ಮೊದಲ ಬೆಂಚಿನ ಮೇಲೆ ಒರೆಸುವ ಬಟ್ಟೆಯನ್ನು ಪಟಪಟ ಕೊಡವಿದರು.

ಕಿಟಕಿಯಿಂದ ಬಿಸಿಲಿನ ಕೋಲು ಅಡ್ಡ ಬಿದ್ದಿತ್ತು. ಅದರೊಳಗೆ ಧೂಳು ಎದ್ದಿತು. ಎದ್ದದ್ದು ಹರಡಲಿಲ್ಲ, ಬೆರೆಯಲಿಲ್ಲ. ಮೊಳದಷ್ಟು ಅಗಲದ ಪಟ್ಟಿಯಾಗಿ, ಸಾಲು ಹಿಡಿದು ಹೊರಟಿತು. ಆ ಆಸ್ಪತ್ರೆಯಲ್ಲಿ ಸಾಲು ಮುರಿಯದೆ ಹೋದದ್ದನ್ನು ನಾನು ಕಂಡದ್ದು ಅದೊಂದನ್ನೇ. ಬೆಂಚಿನಿಂದ ಮೇಜಿಗೆ, ಮೇಜಿನಿಂದ ಅಕ್ಕನ ಮುಖಕ್ಕೆ, ಮುಖದ ಎರಡೂ ಬದಿ ಸವರಿಕೊಂಡು ಹಿಂದಿನ ಯಂತ್ರದ ಬಾಯಿಗೆ. ಮೊದಲು ಕೆಮ್ಮಿದವರ ಉಸಿರು ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಈಗ ನಾನು ಅದಕ್ಕೆ ದಾರಿ ಹಾಕಿಕೊಟ್ಟಿದ್ದೇನೆ. ದಾರಿಯ ನಡುವೆ ಅಕ್ಕ ಕೂತಿದ್ದಾಳೆ.

ಅಕ್ಕ ತಲೆ ಎತ್ತಲಿಲ್ಲ. ಬಲಗೈಯಲ್ಲಿ ಬರೆಯುತ್ತ, ಎಡಗೈಯಿಂದ ಮೂಗಿನ ಮುಂದೆ ಬೀಸಿಕೊಂಡಳು. ಎಷ್ಟೋ ದಿನದ ಅಭ್ಯಾಸದಂತೆ.

“ಬೆರೀತಾ ಸಾರ್?” ಎಂದರು ಆಯಾ.

ಏಪ್ರಿಲ್ ೫

ಡಬ್ಬಿಯನ್ನು ಬೀರುವಿನ ಮೇಲಿಂದ ಇಳಿಸಿದೆ. ಅಕ್ಕ ಬರುವ ಮೊದಲು ಅವಳ ಕುರ್ಚಿಯಲ್ಲಿ, ಅವಳ ಮೂಗಿನ ಎತ್ತರಕ್ಕೆ ಇಟ್ಟು ಅಳೆದೆ. ಯಂತ್ರವಿಲ್ಲದಾಗ ನೂರು. ಓಡುವಾಗ ಇನ್ನೂರ ಅರವತ್ತು.

ಮೂರು ಸಲ ಅಳೆದೆ. ಇನ್ನೂರ ಅರವತ್ತು, ಇನ್ನೂರ ಐವತ್ತೆಂಟು, ಇನ್ನೂರ ಅರವತ್ತಮೂರು.

ಏಪ್ರಿಲ್ ೭

ಸರಾಸರಿ ಸಾರ್ ಬಳಿ ಹೋದೆ.

“ಒಂದು ಕುರ್ಚಿಯಲ್ಲಿ ಎರಡೂವರೆ ಪಟ್ಟು ಜಾಸ್ತಿ ಆಗಿದೆ ಸಾರ್. ನರ್ಸ್ ಕೂರೋ ಕುರ್ಚಿ.”

“ಉಳಿದ ಕಡೆ?”

“ಮೂವತ್ತೊಂದರ ಆಸುಪಾಸು.”

ಅವರು ಚೀಟಿ ಎಳೆದುಕೊಂಡರು. “ತೊಂಬತ್ತು ರೋಗಿಗಳಿಗೆ ಮೂವತ್ತೊಂದು. ಒಬ್ಬ ನರ್ಸ್‌ಗೆ ಇನ್ನೂರ ಅರವತ್ತು. ಕೂಡಿಸು, ತೊಂಬತ್ತೊಂದರಿಂದ ಭಾಗಿಸು. ಮೂವತ್ಮೂರೂವರೆ. ಎರಡೂವರೆ ಅಂಕ ಏರ್ತು, ಅಷ್ಟೇ ತಾನೆ?”

“ರೋಗಿಗಳು ಒಂದು ಗಂಟೆ ಇರ್ತಾರೆ ಸಾರ್. ನರ್ಸ್ ಎಂಟು ಗಂಟೆ.”

“ಹಾಗಿದ್ರೆ ಅಡಿಟಿಪ್ಪಣಿ ಹಾಕು. ‘ಯಂತ್ರಕ್ಕೆ ಸಮೀಪದ ಆಸನಗಳಲ್ಲಿ ಅಲ್ಪ ವ್ಯತ್ಯಾಸ ಸಾಧ್ಯ.’ ಇಪ್ಪತ್ತೇಳಕ್ಕೆ ಸಮಿತಿ ಕೂರತ್ತೆ. ಈಗ ಮತ್ತೆ ಮೊದಲಿಂದ ಅಳೀತೀನಿ ಅಂದ್ರೆ ಇನ್ನೊಂದು ವರ್ಷ. ಆ ವರ್ಷ ಪೂರ್ತಿ ಬೇರೆ ಹಾಲ್‌ಗಳ ರೋಗಿಗಳು ಕೊಳೆ ಗಾಳಿ ಕುಡೀಬೇಕಾ?”

ತಪ್ಪು ಮಾತೆಂದು ಹೇಳುವುದು ಕಷ್ಟ. ಅದೇ ಅವರ ಪ್ರತಿಭೆ. ಬಾಗಿಲ ಬಳಿ ತಡೆದು ಕೇಳಿದರು:

“ಜನವರಿಯ ಅಳತೆಯಲ್ಲಿ ಯಾಕೆ ಬರಲಿಲ್ಲ ಇದು?”

“ಡಬ್ಬಿಯ ಜಾಗ ಸ್ವಲ್ಪ ಆಚೀಚೆ ಆಗಿತ್ತು ಸಾರ್.”

ಆಚೀಚೆ ಮಾಡಿದವನು ಯಾರು ಎಂದು ಅವರು ಕೇಳಲಿಲ್ಲ. ನಾನು ಉಸಿರೆತ್ತಲಿಲ್ಲ.

ಏಪ್ರಿಲ್ ೮

ಬೆಳಗ್ಗೆ ಅಕ್ಕನ ಮೇಜು ಕುರ್ಚಿಗಳನ್ನು ಬೀರುವಿನ ಪಕ್ಕಕ್ಕೆ ಸರಿಸಿದೆ. ಅಲ್ಲಿ ಮೂವತ್ತೊಂದು ಎಂದು ಮೂರು ತಿಂಗಳ ಅಳತೆಯೇ ಇದೆ. ನನ್ನ ತಪ್ಪಿನಿಂದ ಸಿಕ್ಕ ಏಕೈಕ ಉಪಯುಕ್ತ ಮಾಹಿತಿ.

“ಯಾಕೋ ಇದೆಲ್ಲ?”

“ಇಲ್ಲಿ ಬೆಳಕು ಚೆನ್ನಾಗಿದೆ ಅಕ್ಕಾ.”

“ಹತ್ತೊಂಬತ್ತು ವರ್ಷ ಕತ್ತಲಲ್ಲಿ ಕೂತಿದ್ದೆ. ಇವತ್ತು ಬಂತು ನೋಡು ತಮ್ಮನಿಗೆ ನನ್ನ ಕಣ್ಣಿನ ಚಿಂತೆ.” ಆದರೂ ಖುಷಿಯಾದಳು. ಆಯಾ ಮೇಜಿನ ಹಳೆಯ ಜಾಗವನ್ನು ಎರಡು ಸಲ ಗುಡಿಸಿದರು.

ಮಧ್ಯಾಹ್ನ ಅಂತಿಮ ವರದಿಗೆ ಸಹಿ ಹಾಕಿದೆ. ಅಡಿಟಿಪ್ಪಣಿ ನಲವತ್ತೇಳನೆಯ ಪುಟದಲ್ಲಿದೆ. ಅಡಿಟಿಪ್ಪಣಿಗಳನ್ನು ಎಲ್ಲರೂ ಓದುತ್ತಾರೆ. ಹನ್ನೊಂದು ಹಾಲ್‌ಗಳ ನರ್ಸ್‌ಗಳು ಬೆಳಗ್ಗೆ ಎದ್ದ ಕೂಡಲೇ ಮೊದಲು ಓದುವುದು ಅದನ್ನೇ.

ಏಪ್ರಿಲ್ ೧೯

ಅಕ್ಕನ ವಿಭಾಗದವರಿಗೆ ಆರು ತಿಂಗಳಿಗೊಮ್ಮೆ ಕ್ಷಯದ ಸೋಂಕಿನ ರಕ್ತಪರೀಕ್ಷೆ. ಇಷ್ಟು ವರ್ಷ ‘ಇಲ್ಲ’ ಎಂದು ಬರುತ್ತಿತ್ತು. ಈ ಸಲ ‘ಇದೆ’.

ಮನೆಗೆ ಬಂದು ಚೀಲವನ್ನು ಗೂಟಕ್ಕೆ ಹಾಕುತ್ತ ಹೇಳಿದಳು, ಬಸ್ ತಡವಾಯಿತು ಎನ್ನುವ ಧಾಟಿಯಲ್ಲಿ. “ಗಾಬರಿ ಆಗಬೇಡಿ. ಕಾಯಿಲೆ ಬಂದಿಲ್ಲ. ಯಾರಿಗೂ ಅಂಟಲ್ಲ. ಹುಳ ಒಳಗೆ ಹೋಗಿ ಮಲಗಿದೆಯಂತೆ. ಏಳದೇ ಇರೋಕೆ ಕೆಲವು ತಿಂಗಳು ಮಾತ್ರೆ ತಗೋಬೇಕು.”

ಭಾವ ಟಿವಿ ಆರಿಸಿದರು. “ಎಲ್ಲಿಂದ ಬಂತಂತೆ?”

“ಆ ಹಾಲ್‌ನಲ್ಲಿ ಕೂರೋರಿಗೆ ಎಲ್ಲಿಂದ ಅಂತ ಹೇಳೋದು? ಡಾಕ್ಟ್ರೂ ಹೇಳೋಕಾಗಲ್ಲ ಅಂದ್ರು.”

ಇಬ್ಬರೂ ನನ್ನ ಕಡೆ ನೋಡಿದರು. ಈ ವಿಷಯದಲ್ಲಿ ಮನೆಯ ತಜ್ಞ ನಾನೇ ಅಲ್ಲವೆ.

“ಹೌದು, ಹೇಳೋಕಾಗಲ್ಲ,” ಎಂದೆ.

ವೈಜ್ಞಾನಿಕವಾಗಿ ಅದು ಸರಿ.

ಏಪ್ರಿಲ್ ೨೦

ಒಂದು ಕುರ್ಚಿ. ಒಬ್ಬರು. ಅಂಕಿಅಂಶಕ್ಕೆ ಸಾಲದು.

ಏಪ್ರಿಲ್ ೨೧

ಮಾತ್ರೆಯಿಂದ ಅಕ್ಕನಿಗೆ ಹೊಟ್ಟೆ ತೊಳಸುತ್ತದೆ. ಊಟ ಅರ್ಧಕ್ಕೆ ಬಿಟ್ಟಳು. ಕೆಲಸಕ್ಕೆ ಹೋದಳು.

ಏಪ್ರಿಲ್ ೨೩

ಬೆಳಗ್ಗೆ ಅಡುಗೆಮನೆಯಲ್ಲಿ ಅಕ್ಕ ನಿಂತುಕೊಂಡೇ ಮಾತ್ರೆ ನುಂಗುತ್ತಿದ್ದಳು. ಮುನ್ನುಡಿ ಯೋಚಿಸಿಕೊಂಡು ಇಳಿದಿದ್ದೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬಂದೆ.

“ಅಕ್ಕಾ, ಜನವರಿಯಲ್ಲಿ ಆ ಡಬ್ಬಿ ನಿನ್ನ ಟೇಬಲ್ ಮೇಲೇ ಇದ್ದಿದ್ರೆ ಆಗಲೇ ಗೊತ್ತಾಗಿರೋದು.”

“ಏನು ಗೊತ್ತಾಗಿರೋದು?”

ಹೇಳಿದೆ. ಯಂತ್ರ ಎಲ್ಲರ ಕೆಮ್ಮನ್ನೂ ಎಳೆದು ಅವಳ ಮುಖದ ಮೇಲಿಂದ ಹಾಯಿಸುತ್ತಿದ್ದದ್ದು, ಇನ್ನೂರ ಅರವತ್ತು, ನಾನು ಸಹಿ ಹಾಕಿದ್ದು. ಬೆಳಕಿನ ಮಾತು ಸುಳ್ಳೆಂದೂ ಹೇಳಿದೆ.

ಲೋಟ ತೊಳೆದು ಬೋರಲು ಹಾಕಿದಳು. “ತೆಗಿ ಅಂದವಳು ನಾನೇ ಅಲ್ವಾ.”

“ತೆಗೆದವನು ನಾನು. ತೆಗೆದಿದ್ದೀನಿ ಅಂತ ಬರೀದೇ ಹೋದವನೂ ನಾನೇ.”

ಬೈಯುತ್ತಾಳೆಂದು ಕಾದೆ. ಚಿಕ್ಕಂದಿನಿಂದ ನನಗೆ ಅವಳ ಬೈಗುಳದ ಅಳತೆ ಗೊತ್ತು. ಅದು ಮುಗಿದರೆ ವಿಷಯವೂ ಮುಗಿಯುತ್ತದೆ. ಬೈಯಲಿಲ್ಲ.

“ನನ್ನ ಕುರ್ಚಿ ಸರಿಸಿದ್ದು ಯಾವತ್ತು?”

“ಎಂಟಕ್ಕೆ.”

“ಇವತ್ತು ಇಪ್ಪತ್ಮೂರು.” ಸೆರಗಿಗೆ ಕೈ ಒರೆಸಿಕೊಂಡಳು. “ಉಳಿದ ಹನ್ನೊಂದು ಹಾಲ್‌ನಲ್ಲಿ ಕೂತಿರೋರಿಗೆ ತಮ್ಮಂದಿರಿಲ್ವೇನೋ?”

ಚೀಲ ತೆಗೆದುಕೊಂಡು ಕೆಲಸಕ್ಕೆ ಹೋದಳು.

ಏಪ್ರಿಲ್ ೨೪

ಸಮಿತಿಗೆ ಪತ್ರ ಬರೆದೆ. ಅರ್ಧ ಪುಟ. ಆರನೆಯ ಕಾಲಮ್ಮಿನ ಅಂಕಿಗಳು ನರ್ಸ್ ಕುರ್ಚಿಯವಲ್ಲ, ಬೀರುವಿನ ಮೇಲಿನವು. ಡಬ್ಬಿ ಸರಿಸಿದ್ದು ನಾನು. ನಿಜವಾದ ಅಂಕಿ ಇದು. ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಎಲ್ಲ ಹಾಲ್‌ಗಳಲ್ಲೂ ಕುರ್ಚಿಯನ್ನು ಇಂದೇ ಸರಿಸಬೇಕು. ಹಾಸ್ಯಕ್ಕೆ ಎಲ್ಲೂ ಜಾಗ ಸಿಗಲಿಲ್ಲ.

ಸರಾಸರಿ ಸಾರ್ ಓದಿದರು. ಈ ಸಲ ಲೆಕ್ಕಕ್ಕೆ ಚೀಟಿ ಎಳೆದುಕೊಳ್ಳಲಿಲ್ಲ.

“ನಿಮ್ಮ ಅಕ್ಕನ ವಿಷಯ ಕೇಳಿದೆ. ಬೇಜಾರಾಯ್ತು. ಆದ್ರೆ ಒಬ್ಬರ ರಕ್ತಪರೀಕ್ಷೆ ಹಿಡ್ಕೊಂಡು…”

“ಅಕ್ಕನ ವಿಷಯ ಪತ್ರದಲ್ಲಿ ಇಲ್ಲ ಸಾರ್. ಡಬ್ಬಿ ವಿಷಯ ಮಾತ್ರ.”

ಇನ್ನೊಮ್ಮೆ ಓದಿದರು. ಅಕ್ಕನ ಮಾತು ಹುಡುಕಿದರು, ಸಿಗಲಿಲ್ಲ. “ಆರು ವರ್ಷದ ಕೆಲಸ,” ಎಂದರು.

“ಹೌದು ಸಾರ್.”

“ಇಪ್ಪತ್ತೇಳಕ್ಕೆ ಸಮಿತಿ ಏನು ಹೇಳತ್ತೋ ನೋಡೋಣ. ಅಲ್ಲೀವರೆಗೆ ನೀನು ಯಾವ ಹಾಲ್‌ಗೂ ಹೋಗೋ ಹಾಗಿಲ್ಲ. ಲೆಟರ್ ಕೊಡಲ್ಲ ನಾನು.”

ಎರಡು ದಿನದ ರಜೆ ಚೀಟಿ ಅವರ ಮುಂದಿಟ್ಟೆ. ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’ ಎಂದು ಬರೆದಿದ್ದೆ. ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಅವರ ಬಗ್ಗೆ ಇಷ್ಟು ವರ್ಷ ಬರೆದ ಜೋಕುಗಳಲ್ಲಿ ಒಂದೂ ಆಗ ನೆನಪಾಗಲಿಲ್ಲ.

ಏಪ್ರಿಲ್ ೨೫

ಮೊದಲ ಹಾಲ್‌ಗೆ ಭಾವ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಗೇಟಿನ ಬಳಿ, “ಇಲ್ಲೇ ಇರ್ತೀನಿ. ಹನ್ನೊಂದೂ ಮುಗಿಸ್ಕೊಂಡೇ ಮನೆಗೆ,” ಎಂದರು.

ಒಳಗೆ ಅದೇ ನಕ್ಷೆ. ಅದೇ ಬೆಂಚುಗಳು. ನನ್ನ ಯಂತ್ರ ಗೋಡೆಗೊರಗಿ ಚೆನ್ನಾಗಿ ಓಡುತ್ತಿತ್ತು. ಅದರ ಮುಂದೆ ನರ್ಸ್. ಅಕ್ಕನಿಗಿಂತ ಹಿರಿಯರು, ಮೂಗಿನ ತುದಿಯಲ್ಲಿ ಕನ್ನಡಕ. ಹೊರರೋಗಿಗಳ ಪಟ್ಟಿ ಬರೆಯುತ್ತಿದ್ದರು. ನಾನು ಸುಮ್ಮನೆ ನಿಂತು ನೋಡಿದೆ. ಬರೆಯುತ್ತ ಬರೆಯುತ್ತ ಎಡಗೈಯಿಂದ ಮೂಗಿನ ಮುಂದೆ ಬೀಸಿಕೊಂಡರು.

“ಏನ್ರೀ?” ತಲೆ ಎತ್ತಿದರು.

“ಮೇಡಂ, ನಿಮ್ಮ ಟೇಬಲ್ಲನ್ನ ಬೀರು ಪಕ್ಕಕ್ಕೆ ಸರಿಸಬೇಕಿತ್ತು.”

“ಯಾವ ಆಫೀಸಿಂದ?”

“ಆಫೀಸಿಂದಲ್ಲ. ಈ ಮಿಷನ್ ಮಾಡಿದವನು ನಾನು.”

“ಅದು ಕೆಟ್ಟಿಲ್ವಲ್ಲ. ಚೆನ್ನಾಗೇ ಓಡ್ತಿದೆ.”

“ಚೆನ್ನಾಗಿ ಓಡ್ತಿರೋದೇ ತೊಂದರೆ ಮೇಡಂ. ಇವರೆಲ್ಲರ ಕೆಮ್ಮನ್ನ ಎಳೆದು ನಿಮ್ಮ ಮುಖಕ್ಕೆ ತರ್ತಿದೆ. ಇಡೋ ಜಾಗ ನಾನು ತಪ್ಪು ಮಾಡಿದ್ದೀನಿ. ಅಳೆಯೋದೂ ತಪ್ಪು ಮಾಡಿದ್ದೀನಿ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಹೊಸ ರೋಗಿಯನ್ನು ನೋಡುವ ಹಾಗೆ. ಬೆಂಚಿನಲ್ಲಿ ಯಾರೋ ಕೆಮ್ಮಿದರು.

“ಲೆಟರ್ ಇದೆಯಾ?”

“ಇಲ್ಲ.”

“ಮತ್ತೆ ಯಾರು ಕಳಿಸಿದ್ದು ನಿಮ್ಮನ್ನ?”

“ನಮ್ಮಕ್ಕ.”

“ಏನು ಮಾಡ್ತಾರೆ ಅಕ್ಕ?”

“ನರ್ಸ್. ನಿಮ್ಮ ಹಾಗೇ ಇಂಥದೇ ಹಾಲ್‌ನಲ್ಲಿ, ಇದೇ ಜಾಗದಲ್ಲಿ ಕೂತಿದ್ರು.”

“ಹೇಗಿದ್ದಾರೆ ಈಗ?”

“ಮಾತ್ರೆ ತಗೋತಿದ್ದಾರೆ,” ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದರು. ಮೇಜಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು.